ಹಳೆಯ ಡಾಲ್ಫಿನ್, ಎಳೆಯ ಪ್ರಯಾಣಿಕ

ಕೋಲಾರದ ಟೊಮೆಟೊ ಮಂಡಿಗೆ ಹೊರಡುವ ಗಾಡಿಗೆ ಸರಕು ತುಂಬುವುದನ್ನು ಹುತ್ತೂರಿನ ಕಡೆಯವರೆಲ್ಲ ನೋಡಿಯೇ ಇರುತ್ತಾರೆ. ಕ್ರೇಟಿನ ಪಕ್ಕ ಕ್ರೇಟು, ಕ್ರೇಟಿನ ಮೇಲೆ ಕ್ರೇಟು. ನಡುವೆ ಬೆರಳು ತೂರಿಸಲೂ ಜಾಗವಿಲ್ಲದಂತೆ ಜೋಡಿಸಿ, ಮೇಲೆ ಹಗ್ಗ ಬಿಗಿದು, ಹಗ್ಗದ ತುದಿಯನ್ನು ಗಾಡಿಯ ಕಬ್ಬಿಣದ ಕೊಂಡಿಗೇ ಕಟ್ಟುತ್ತಾರೆ. ಸಡಿಲ ಬಿಟ್ಟರೆ ಮೊದಲ ಬ್ರೇಕಿಗೇ ಹಣ್ಣು ಜಜ್ಜಿಹೋಗುತ್ತದೆಂಬುದನ್ನು ರೈತರಿಗೆ ಯಾವ ಪಠ್ಯಪುಸ್ತಕವೂ ಹೇಳಿಕೊಡಬೇಕಾಗಿಲ್ಲ. ಅದೇ ಮನೆಯ ಮಗು ಕಾರಿನಲ್ಲಿ ಹೊರಟಾಗ ಮಾತ್ರ ಅಮ್ಮನ ತೊಡೆಯೇ ಸೀಟು, ತಾತನ ಕೈಯೇ ಬೆಲ್ಟು!

ಹೊಸ ಕಾರುಗಳಲ್ಲಾದರೆ ಹಿಂದಿನ ಸೀಟಿನ ಸಂದಿಯಲ್ಲೇ ಮಕ್ಕಳ ಸೀಟನ್ನು ಸಿಕ್ಕಿಸಲು ಐಸೋಫಿಕ್ಸ್ ಕೊಂಡಿಗಳಿರುತ್ತವೆ. ಕಷ್ಟವಿರುವುದು ಹಳೆಯ ಕಾರುಗಳಲ್ಲಿ. ಅದರಲ್ಲೂ ಓಟದ ಹುಚ್ಚಿನ ಹಳೆಯ ಕಾರುಗಳಲ್ಲಿ. ಕರ್ನಾಟಕದ ಮಟ್ಟಿಗೆ ಅಂಥ ಕಾರೆಂದರೆ ಬಲ್ಲವರಿಗೆ ನೆನಪಾಗುವುದು ಡಾಲ್ಫಿನ್. ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 1982ರಲ್ಲಿ ಹೊರತಂದ ಈ ಎರಡು ಬಾಗಿಲಿನ ಪುಟ್ಟ ಕಾರಿನ ಮೂಲ ಇಂಗ್ಲೆಂಡಿನ ರಿಲಯಂಟ್ ಕಿಟನ್. 848 ಸಿಸಿ ಎಂಜಿನ್, ಉಕ್ಕಿನ ಚಾಸಿಸ್, ಅದರ ಮೇಲೆ ಫೈಬರ್ ಗ್ಲಾಸಿನ ಮೈ; ಒಟ್ಟು ತೂಕ ಅರ್ಧ ಟನ್ನಿನ ಆಸುಪಾಸು. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಮಾರುಕಟ್ಟೆಯಲ್ಲಿ ನಿಲ್ಲಲಾರದೆ ಹೋಯಿತು. ಆದರೂ ಹಗುರ ಮೈಯಿಂದಾಗಿ ರ್‍ಯಾಲಿ ಓಡಿಸುವ ಹುಡುಗರ ಅಚ್ಚುಮೆಚ್ಚಿನ ಗಾಡಿಯಾಗಿ ಹೆಸರು ಮಾಡಿತು.

ಆ ಹುಡುಗರು ಈಗ ತಾತಂದಿರು. ಶೆಡ್ಡಿನ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಾಡಿಗೆ ಬಣ್ಣ ಬಳಿಸಿ, ಮೊಮ್ಮಗನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರುವ ಆಸೆ ಯಾರಿಗಿರುವುದಿಲ್ಲ? ಆಸೆ ತಪ್ಪಲ್ಲ. ಆದರೆ ಹೊರಡುವ ಮೊದಲು ಒಂದು ಲೆಕ್ಕ ಹಾಕಬೇಕು.

ಗಂಟೆಗೆ 50 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಆ ವೇಗದಲ್ಲಿ ಗೋಡೆಗೆ ಬಡಿಯುವುದೂ ಒಂದೇ, ಸುಮಾರು 10 ಮೀಟರ್ ಎತ್ತರದ ಮೂರಂತಸ್ತಿನ ತಾರಸಿಯಿಂದ ಬೀಳುವುದೂ ಒಂದೇ. ಕಾರಿನ ಮೂತಿ ಮುದುರುತ್ತ ಅರ್ಧ ಮೀಟರಿನಲ್ಲಿ ಗಾಡಿ ನಿಂತಿತೆಂದುಕೊಳ್ಳಿ. ಆಗ ಒಳಗಿರುವ ಪ್ರತಿಯೊಂದನ್ನೂ ಅದರ ತೂಕದ ಇಪ್ಪತ್ತು ಪಟ್ಟು ಬಲದಿಂದ ಹಿಡಿದು ನಿಲ್ಲಿಸಬೇಕಾಗುತ್ತದೆ. 10 ಕೆಜಿಯ ಮಗು ಆ ಕ್ಷಣಕ್ಕೆ 200 ಕೆಜಿ, ಅಂದರೆ 25 ಕೆಜಿಯ ಎಂಟು ಅಕ್ಕಿ ಚೀಲ! ಎಷ್ಟು ಗಟ್ಟಿ ತೋಳಿನ ತಾಯಿಯಾದರೂ ಸರಿ, ಸೆಕೆಂಡಿನ ಹದಿನಾಲ್ಕನೆಯ ಒಂದು ಭಾಗದಲ್ಲಿ ಎಂಟು ಚೀಲವನ್ನು ಹಿಡಿಯಲಾರಳು. ಅವಳಿಗೂ ಬೆಲ್ಟಿಲ್ಲದಿದ್ದರೆ ಮಗುವಿನ ಹಿಂದೆ ಅವಳ ಭಾರವೂ ಬಂದು ಅಪ್ಪಳಿಸುತ್ತದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಸೆಕ್ಷನ್, ಹದಿನಾಲ್ಕು ತುಂಬದ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕರೆದೊಯ್ದರೆ 1,000 ರೂಪಾಯಿ ದಂಡವೆನ್ನುತ್ತದೆ. ದಂಡ ದೊಡ್ಡದಲ್ಲ, ಮೇಲಿನ ಲೆಕ್ಕ ದೊಡ್ಡದು.

ಹಾಗೆಂದು ಪೇಟೆಗೆ ಓಡಿ ಮಕ್ಕಳ ಸೀಟು ಕೊಂಡು ತಂದರೆ ಹಳೆಯ ಕಾರಿನ ಮಟ್ಟಿಗೆ ಅದು ಕೊನೆಯ ಕೆಲಸವನ್ನು ಮೊದಲು ಮಾಡಿದಂತೆ. ಸೀಟನ್ನು ಹಿಡಿಯುವುದು ಬೆಲ್ಟು, ಬೆಲ್ಟನ್ನು ಹಿಡಿಯುವುದು ಬೋಲ್ಟು. ಬೋಲ್ಟನ್ನು ಹಿಡಿಯುವುದು ಯಾವುದು?

ಪ್ರಶ್ನೆ ಇರುವುದೇ ಅಲ್ಲಿ. ಸ್ವೀಡನ್ನಿನ ನಿಲ್ಸ್ ಬೊಲಿನ್ ಎಂಬ ಎಂಜಿನಿಯರು ವೋಲ್ವೋ ಕಂಪನಿಗಾಗಿ ರೂಪಿಸಿದ, ಸೊಂಟ ಮತ್ತು ಎದೆ ಎರಡನ್ನೂ ಹಿಡಿಯುವ ಬೆಲ್ಟು 1959ರಲ್ಲೇ ಬಂದಿತ್ತು. ನಮ್ಮಲ್ಲಿ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾದದ್ದು 1990ರ ದಶಕದಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ಹಿಂಬದಿ ಸೀಟಿಗೆ ಬೆಲ್ಟು ಇದೆಯೇ ಎಂದು ಕೇಳುವುದು ಎತ್ತಿನ ಗಾಡಿಗೆ ಹಾರ್ನು ಕೇಳಿದಂತೆ. ಹೊಸದಾಗಿ ಹಾಕಿಸಬೇಕು. ತಗಡಿನ ಕಾರಾದರೆ ನೆಲದ ಗಟ್ಟಿ ಭಾಗ ಹುಡುಕಿ, ಹಿಂದೆ ದಪ್ಪ ಉಕ್ಕಿನ ತಟ್ಟೆ ಬೆಸೆದು ಬೋಲ್ಟು ಬಿಗಿಯಬಹುದು. ಫೈಬರ್ ಮೈಗೆ ಬರಿಯ ವಾಷರು ಹಾಕಿ ಬಿಗಿದರೆ ಅದು ನೋಡಲು ಗಟ್ಟಿ, ಎಳೆದರೆ ಹಪ್ಪಳ. ಅಪಘಾತದಲ್ಲಿ ಬೋಲ್ಟು ತನ್ನ ಸುತ್ತಲ ಫೈಬರನ್ನು ಕಿತ್ತುಕೊಂಡೇ ಬರುತ್ತದೆ. ಆದ್ದರಿಂದ ಬೆಲ್ಟಿನ ತುದಿಗಳು ಉಕ್ಕಿನ ಚಾಸಿಸ್‌ವರೆಗೆ ಹೋಗಲೇಬೇಕು, ಇಲ್ಲವೇ ಚಾಸಿಸ್‌ಗೆ ಕೂಡಿಸಿದ ಉಕ್ಕಿನ ಚೌಕಟ್ಟಿಗೆ ಸೇರಬೇಕು. ಸೀಟು ಬೆಲ್ಟಿಗೆಂದೇ ತಯಾರಾದ 7/16 ಇಂಚಿನ ಗಟ್ಟಿ ಉಕ್ಕಿನ ಬೋಲ್ಟುಗಳಿವೆ; ಅಂಗಡಿಯ ಡಬ್ಬದಲ್ಲಿ ಸಿಕ್ಕ ಯಾವುದೋ ಬೋಲ್ಟು ಇಲ್ಲಿ ಬೇಡ.

ಇನ್ನು ಚಾಸಿಸ್. ಫೈಬರಿಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ನಲವತ್ತು ವರ್ಷದ ಕಾರೂ ಮದುಮಗನಂತೆ ಹೊಳೆಯುತ್ತಿರುತ್ತದೆ. ಕೆಳಗಿನ ಉಕ್ಕು ಮಾತ್ರ ಸದ್ದಿಲ್ಲದೆ ಪುಡಿಯಾಗಿರಬಹುದು. ಗಾಡಿಯನ್ನು ಮೇಲೆತ್ತಿಸಿ, ಬೆಲ್ಟು ಕೂರುವ ಕಡೆಗಳಲ್ಲೆಲ್ಲ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಬೇಕು. ಒಳಕ್ಕೆ ಇಳಿದರೆ ಮುಗಿಯಿತು. ಮೊದಲು ವೆಲ್ಡಿಂಗು, ಆಮೇಲೆ ಮಿಕ್ಕಿದ್ದು.

ಹಿಂದೆ ಯಾರೋ ಹಾಕಿಸಿದ್ದ ಹಳೆಯ ಬೆಲ್ಟು ಇದ್ದರೆ ಅದನ್ನು ನಂಬುವಂತಿಲ್ಲ. ಬಿಸಿಲಿಗೆ ಬಣ್ಣಗೆಟ್ಟು ಅಂಚು ಜೂಲುಜೂಲಾದ ಪಟ್ಟಿ ತನ್ನ ಬಲವನ್ನು ಕಳೆದುಕೊಂಡಿರುತ್ತದೆ. ತಾನಾಗಿಯೇ ಸುತ್ತಿಕೊಳ್ಳುವ ಬೆಲ್ಟಿನ ಸುರುಳಿಯಲ್ಲಿ ಸಣ್ಣ ಗುಂಡೋ ಲೋಲಕವೋ ಇದ್ದು, ಗಾಡಿ ತಟ್ಟನೆ ನಿಂತಾಗ ಅದು ಓಲಿ ಹಲ್ಲಿಗೆ ಸಿಕ್ಕಿಸುತ್ತದೆ. ಹೊಸ ಸುರುಳಿಯನ್ನೂ ವಾಲಿಸಿ ಕೂರಿಸಿದರೆ ಅದು ಹಿಡಿಯಬೇಕಾದಾಗ ಹಿಡಿಯುವುದಿಲ್ಲ.

ಇಷ್ಟಾದ ಮೇಲೆ ಮಕ್ಕಳ ಸೀಟು. ಮಗುವೆಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲು ಭಾಗ ತಲೆಯೇ. ಕುತ್ತಿಗೆಯ ಎಲುಬುಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಆ ಭಾರವಾದ ತಲೆಯನ್ನು ತಡೆಯುವ ಕೆಲಸವೆಲ್ಲ ಕುತ್ತಿಗೆಯದು. ಬೆನ್ನು ಮುಂದಕ್ಕಿದ್ದರೆ ತಲೆ, ಬೆನ್ನು, ಸೊಂಟ ಎಲ್ಲವೂ ಸೀಟಿಗೆ ಒರಗಿ ಪೆಟ್ಟು ಹರಡಿಹೋಗುತ್ತದೆ. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ 1960ರ ದಶಕದಲ್ಲಿ ಹಿಮ್ಮುಖ ಸೀಟನ್ನು ಕಲ್ಪಿಸಿಕೊಂಡದ್ದು ಜೆಮಿನಿ ಗಗನನೌಕೆಯ ಯಾತ್ರಿಗಳು ಬೆನ್ನೊರಗಿ ಮಲಗುವ ರೀತಿಯನ್ನು ನೋಡಿ! ಸೀಟಿನ ಮೇಲೆ ಎಐಎಸ್ 072 ಎಂಬ ನಮ್ಮ ದೇಶದ ಮಾನಕದ, ಇಲ್ಲವೇ ಯುರೋಪಿನ ಆರ್44 ಅಥವಾ ಆರ್129ರ ಗುರುತಿದೆಯೇ ನೋಡಿಕೊಳ್ಳಿ. ಅದನ್ನು ಕೊಳ್ಳುವ ಮುಂಚೆ ಕಾರಿನಲ್ಲಿ ಇಟ್ಟು ನೋಡುವುದೂ ಅಷ್ಟೇ ಮುಖ್ಯ. ಹಿಮ್ಮುಖ ಸೀಟಿನ ಸುತ್ತ ಬರುವಷ್ಟು ಬೆಲ್ಟು ಉದ್ದವಿರಲಿಕ್ಕಿಲ್ಲ. ಎರಡೂ ಬದಿ ಉಬ್ಬಿದ ಓಟದ ಸೀಟಿನಲ್ಲಿ ಮಕ್ಕಳ ಸೀಟಿನ ತಳ ಪೂರ್ತಿ ಊರದೆ ತೊಟ್ಟಿಲಂತೆ ತೂಗುತ್ತದೆ. ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಅಲ್ಲಾಡಿಸಿದಾಗ ಒಂದಂಗುಲಕ್ಕಿಂತ ಹೆಚ್ಚು ಕದಲಬಾರದು.

ಎರಡು ಬಾಗಿಲಿನ ಕಾರಿನಲ್ಲಿ ಇನ್ನೊಂದು ತಾಪತ್ರಯ. ಹಿಂದಕ್ಕೆ ಹತ್ತಲು ಮುಂದಿನ ಸೀಟನ್ನು ಮಡಚಬೇಕು. ಆ ಸೀಟಿಗೆ ಚಿಲಕವಿಲ್ಲದಿದ್ದರೆ ಹಠಾತ್ ಬ್ರೇಕಿಗೆ ಅದೇ ಮುಂದಕ್ಕೆ ಬಾಗುತ್ತದೆ. ರ್‍ಯಾಲಿ ಕಾಲದ ಉಕ್ಕಿನ ಕೊಳವೆಗಳ ಪಂಜರ ಒಳಗೆ ಉಳಿದಿದ್ದರಂತೂ ಎಚ್ಚರ. ಅದು ಹೆಲ್ಮೆಟ್ ತೊಟ್ಟವನಿಗಾಗಿ ಮಾಡಿದ್ದು. ಬರಿ ತಲೆಯ ಮಗುವಿಗೆ ಅದೇ ಕಬ್ಬಿಣದ ದೊಣ್ಣೆ. ಎರಡೂ ಭುಜಕ್ಕೆ ಬರುವ ಓಟಗಾರರ ಬೆಲ್ಟೂ ಮಗುವಿಗೆ ಹೊಂದುವುದಿಲ್ಲ. ಪೆಟ್ಟಿನಲ್ಲಿ ಮೈ ಕೆಳಕ್ಕೆ ಜಾರಿ ಸೊಂಟದ ಪಟ್ಟಿ ಹೊಟ್ಟೆಯ ಮೇಲೆ ಏರುತ್ತದೆ.

ಗೋವೆಯಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್‌ನಂಥ ಎರಡೇ ಸೀಟಿನ ಕಾರಾದರೆ? ಮಗು ಮುಂದೆ ಕೂರದೆ ದಾರಿಯಿಲ್ಲ. ಅಲ್ಲಿ ನೋಡಬೇಕಾದದ್ದು ಏರ್‌ಬ್ಯಾಗು. ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದೊಳಗೆ ಉಬ್ಬುವ ಚೀಲ ಹಿಮ್ಮುಖ ಸೀಟಿನ ಬೆನ್ನಿಗೇ ಗುದ್ದುತ್ತದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಹೀಗೆ ಮಕ್ಕಳು ಸತ್ತದ್ದುಂಟು. ಹಿಂಬದಿ ಸೀಟಿಲ್ಲದ ವಾಹನಗಳಲ್ಲಿ ಏರ್‌ಬ್ಯಾಗನ್ನು ಆರಿಸುವ ಸ್ವಿಚ್ಚಿಗೆ ಅಲ್ಲಿನ ಸರ್ಕಾರ 1995ರಲ್ಲಿ ಅನುಮತಿ ಕೊಟ್ಟಿತು. ಏರ್‌ಬ್ಯಾಗೇ ಇಲ್ಲದ ಹಳೆಯ ಕಾರಿಗೆ ಈ ಒಂದು ವಿಷಯದಲ್ಲಿ ಮಾತ್ರ ನೆಮ್ಮದಿ.

ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ, ಕೈಗೆಟಕುವಂತೆ ಒಂದು ಅಗ್ನಿಶಾಮಕ ಇಟ್ಟುಕೊಳ್ಳುವುದು ಒಳ್ಳೆಯದು. ಫೈಬರ್ ಮೈ ಹೊತ್ತಿದರೆ ಬೇಗ ಆರುವುದಿಲ್ಲ. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ತಾರೀಖು ಇರುತ್ತದೆ. 2319 ಎಂದರೆ 2019ರ 23ನೇ ವಾರ. ಗೀರು ಹೊಸದಾಗಿಯೇ ಇದ್ದರೂ ಹಳೆಯ ರಬ್ಬರು ಹಳೆಯದೇ.

ಇಷ್ಟೆಲ್ಲ ಮಾಡಿಸಿದ ಮೇಲೂ ಒಂದನ್ನು ಮಾತ್ರ ಯಾವ ಗ್ಯಾರೇಜೂ ಸರಿಪಡಿಸಲಾರದು. ಅದು ತೂಕ. ಅರ್ಧ ಟನ್ನಿನ ಡಾಲ್ಫಿನ್ ಮತ್ತು ಒಂದೂವರೆ ಟನ್ನಿನ ಹೊಸ ಕಾರು ತಲಾ 50 ಕಿ.ಮೀ. ವೇಗದಲ್ಲಿ ಎದುರುಬದುರು ಬಡಿದು ಅಂಟಿಕೊಂಡವೆಂದುಕೊಳ್ಳಿ. ಎರಡೂ ದೊಡ್ಡ ಕಾರಿನ ದಿಕ್ಕಿಗೇ 25ರ ವೇಗದಲ್ಲಿ ಸರಿಯುತ್ತವೆ. ದೊಡ್ಡದರ ವೇಗದಲ್ಲಿ ಆದ ಬದಲಾವಣೆ 25, ಚಿಕ್ಕದರದು 75! ಎದುರಿಗೆ ಬಂದದ್ದು ಲಾರಿಯಾದರೆ ಲೆಕ್ಕವೇ ಬೇಡ.

ವೇಗದ ವರ್ಗದೊಂದಿಗೆ ಶಕ್ತಿ ಏರುವುದರಿಂದ, 30ರಲ್ಲಿ ಇದ್ದದ್ದು 80ಕ್ಕೆ ಹೋಗುವಷ್ಟರಲ್ಲಿ ಏಳು ಪಟ್ಟಾಗಿರುತ್ತದೆ. ಆದ್ದರಿಂದ ಹುತ್ತೂರಿನ ಬೀದಿಗಳಲ್ಲಿ, ಊರಾಚೆಯ ತೋಟದ ದಾರಿಯಲ್ಲಿ, 30 ಮೀರದೆ, ಭದ್ರವಾಗಿ ಕಟ್ಟಿದ ಸೀಟಿನಲ್ಲಿ ಮೊಮ್ಮಗನನ್ನು ಕೂರಿಸಿಕೊಂಡು ಒಂದು ಸುತ್ತು ಹಾಕಲು ಅಡ್ಡಿಯಿಲ್ಲ. ಕೋಲಾರ ದಾಟಿ ಹೆದ್ದಾರಿ 75ರಲ್ಲಿ ಮುಳಬಾಗಿಲಿನ ಕಡೆ, ಕುರುಡುಮಲೆ ಗಣಪನ ದರ್ಶನಕ್ಕೆಂದು ಹೊರಟ ದಿನ ತಾತ ಡಾಲ್ಫಿನ್‌ನಲ್ಲಿ ಮುಂದೆ ಹೋಗಲಿ. ಮಗು ಹಿಂದೆ ಮಗಳ ಹೊಸ ಕಾರಿನಲ್ಲಿ ಬರಲಿ. ದೇವಸ್ಥಾನದ ಹತ್ತಿರ ಗಾಡಿ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ಸ್ಟೀರಿಂಗ್ ಹಿಡಿದು ಎಷ್ಟು ಬೇಕಾದರೂ ಹಾರ್ನು ಒತ್ತಿಕೊಳ್ಳಲಿ.