ಕೊಹ್ಲಿ ಮೇಲಿನ ಸಿಟ್ಟು ನ್ಯಾಯವೇ?

ಸೆಂಚುರಿ ಹೊಡೆದವರ ಮೇಲೇ ಸಿಟ್ಟು! ಹನಕೆರೆಯಂಥ ಹಳ್ಳಿಯಿಂದ ಬೆಂಗಳೂರಿನವರೆಗೆ ಆರ್‌ಸಿಬಿ ಅಭಿಮಾನಿಗಳು ಈ ಸಂಕಟವನ್ನೂ ಉಂಡಿದ್ದಾರೆ.

2024ರ ಏಪ್ರಿಲ್ 6, ಜೈಪುರ. ವಿರಾಟ್ ಕೊಹ್ಲಿ 72 ಎಸೆತಕ್ಕೆ ಅಜೇಯ 113. ನೂರು ಬಂದಿದ್ದು 67ನೇ ಎಸೆತಕ್ಕೆ. ಐಪಿಎಲ್‌ನ ಅತಿ ನಿಧಾನದ ಶತಕಗಳಲ್ಲಿ ಇದೂ ಒಂದು. ನಮ್ಮ ಸ್ಕೋರು 183. ರಾಜಸ್ಥಾನ ಐದು ಎಸೆತ ಉಳಿಸ್ಕೊಂಡೇ ಗೆದ್ದುಬಿಡ್ತು. ಬೈಗುಳ ಎಲ್ಲಾ ಕೊಹ್ಲಿಗೆ: ನಿಧಾನ ಆಡಿ ಸೋಲಿಸಿದ್ರು ಅಂತ.

ಈಗ ಲೆಕ್ಕ ನೋಡಿ. ಉಳಿದ 48 ಎಸೆತ ಆಡಿದ ನಾಲ್ವರು ಸೇರಿ ಹೊಡೆದಿದ್ದು ಬರೀ 59. ಅಂದ್ರೆ ಅವತ್ತು ಕೊಹ್ಲಿಗಿಂತ ನಿಧಾನ ಆಡಿದ್ದು ಉಳಿದವರು! ಬೌಲಿಂಗೂ ಕೈ ಕೊಡ್ತು. ಜಾಸ್ ಬಟ್ಲರ್ 58 ಎಸೆತಕ್ಕೇ ನೂರು ಬಾರಿಸಿದ್ರು.

ಆ ಸಲದ ಐಪಿಎಲ್‌ನಲ್ಲಿ ನಮಗೆ ಮೊದಲ ಎಂಟು ಪಂದ್ಯದಲ್ಲಿ ಏಳು ಸೋಲು. ಆಮೇಲೆ ಸಾಲಾಗಿ ಆರು ಗೆಲುವು! ಬದಲಾಗಿದ್ದೇನು? ಕೊಹ್ಲಿ ಸ್ಪಿನ್ನರ್‌ಗಳಿಗೆ ಸ್ವೀಪ್ ಹೊಡೆಯೋಕೆ ಶುರು ಮಾಡಿದ್ರು. ರಜತ್ ಪಾಟಿದಾರ್, ವಿಲ್ ಜ್ಯಾಕ್ಸ್ ಸಿಡಿದ್ರು. ಬೌಲರ್‌ಗಳು ಲಯಕ್ಕೆ ಬಂದ್ರು. ಕೊನೆಗೆ ಕೊಹ್ಲಿ ಲೆಕ್ಕದಲ್ಲಿ 741 ರನ್, ಜೊತೆಗೆ ಆರೆಂಜ್ ಕ್ಯಾಪ್.

ಸಿಟ್ಟು ತಪ್ಪಲ್ಲ. 2008ರಿಂದ ಒಂದೇ ತಂಡಕ್ಕೆ ಆಡಿದವರು ನಮ್ಮ ಮನೆಯವರಿದ್ದಂಗೆ. ಅಲ್ಲಿ ಪ್ರೀತಿ ಇದ್ದಷ್ಟೇ ಸಿಟ್ಟೂ ಇರುತ್ತೆ. ಆದ್ರೆ ಹನ್ನೊಂದು ಜನರ ಸೋಲನ್ನ ಒಬ್ಬರ ತಲೆಗೆ ಕಟ್ಟೋದು ನ್ಯಾಯ ಅಲ್ಲ.

2025ರ ಜೂನ್ 3ರಂದು ಕಪ್ ಬಂದಿದ್ದೂ ಒಬ್ಬರಿಂದಲ್ಲ. ಫೈನಲ್‌ನಲ್ಲಿ ಕೊಹ್ಲಿ 35 ಎಸೆತಕ್ಕೆ 43. ಪಂದ್ಯಶ್ರೇಷ್ಠ ಕೃನಾಲ್ ಪಾಂಡ್ಯ. ಗೆಲುವು ಇಡೀ ತಂಡದ್ದಾದ್ರೆ, ಸೋಲೂ ತಂಡದ್ದೇ.

ಇನ್ಮೇಲೆ ಬೈಯೋಕೆ ಮುಂಚೆ ಸ್ಕೋರ್‌ಕಾರ್ಡ್ ಪೂರ್ತಿ ನೋಡಿ!