ಪಿರಮಿಡ್ಡಿನ ಪಾಠವೂ ಮೋರ್ಯರ ಮನೆಗಳೂ

ಪ್ರಾಚೀನ ಈಜಿಪ್ತದ ಪಿರಮಿಡ್ಡುಗಳ ಪಾಠ ವಿದ್ಯಾರ್ಥಿಗಳ ಮನಸ್ಸನ್ನು ಸಹಜವಾಗಿಯೇ ಸೆಳೆಯುತ್ತದೆ. ಆದರೆ ಅನೇಕ ವೇಳೆ ಅದು ಬೆರಗಿನ ಕಥೆಯಾಗಿ ಆರಂಭಗೊಂಡು, ಪರೀಕ್ಷೆಗೆ ಬೇಕಾದ ಒಂದೆರಡು ಹೆಸರುಗಳೊಡನೆ ಮುಗಿದುಹೋಗುತ್ತದೆ. ಬದುಕಿರುವವರು ತಮ್ಮ ಮೃತರನ್ನು ಹೇಗೆ ಬೀಳ್ಕೊಟ್ಟರು, ಏಕೆ ಹಾಗೆ ಮಾಡಿದರು ಎಂಬುದೇ ಆ ಪಾಠದ ತಿರುಳು. ಅದನ್ನು ತಿಳಿಸಲು ದೂರದ ನೈಲ್ ನದಿಯೊಂದೇ ಸಾಲದು. ಕನ್ನಡ ನಾಡಿನ ಕಲ್ಲುಗಳೂ ನೆರವಿಗೆ ಬರಬೇಕು.

ಗೀಜಾದಲ್ಲಿರುವ ಖೂಫು ದೊರೆಯ ಮಹಾಪಿರಮಿಡ್ಡು ಕ್ರಿ.ಪೂ. 2560ರ ಸುಮಾರಿನದು. ಅದರ ಮೂಲ ಎತ್ತರ ಸುಮಾರು 146 ಮೀಟರು. ಬಳಸಿದ ಕಲ್ಲುಗಳು ಅಂದಾಜು 23 ಲಕ್ಷ. ಒಂದೊಂದರ ಸರಾಸರಿ ತೂಕ ಎರಡೂವರೆ ಟನ್ನು. ಈ ಅಂಕಿಗಳು ಬಾಲಕರಿಗೆ ಬರಿಯ ಅಂಕಿಗಳಾಗಿಯೇ ಉಳಿಯಬಾರದು. ಬೆಳಗಾವಿಯ ರವಿವಾರ ಪೇಟೆಯಲ್ಲಿ ಹಮಾಲರು ಹೊರುವ 50 ಕಿಲೋ ಧಾನ್ಯದ ಚೀಲವನ್ನು ಕಾಣದ ಮಕ್ಕಳು ವಿರಳ. ಅಂಥ 50 ಚೀಲಗಳನ್ನು ಕೂಡಿಸಿದರೆ ಒಂದು ಕಲ್ಲು! ಇಷ್ಟು ಹೇಳಿದೊಡನೆ, ಅದನ್ನು ಸಾಗಿಸಿದವರಾರೆಂದು ಮಕ್ಕಳೇ ಕೇಳುತ್ತಾರೆ. ಚಾಟಿಯೇಟು ತಿಂದ ಗುಲಾಮರೆಂಬ ಹಳೆಯ ಕಥೆ ಈಗ ನಿಲ್ಲುವುದಿಲ್ಲ. ಪಿರಮಿಡ್ಡಿನ ಬಳಿಯಲ್ಲಿ 1990ರಿಂದೀಚೆಗೆ ಕೆಲಸಗಾರರದೇ ಗೋರಿಗಳು ದೊರೆತಿವೆ. ಅವರ ಅಸ್ಥಿಗಳಲ್ಲಿ ಮುರಿದು ಮತ್ತೆ ಕೂಡಿಕೊಂಡ ಎಲುಬುಗಳಿದ್ದು, ಗಾಯಗೊಂಡವರಿಗೆ ಆರೈಕೆ ದೊರೆಯುತ್ತಿತ್ತೆಂಬುದು ತಿಳಿಯುತ್ತದೆ. ಸುಣ್ಣಕಲ್ಲನ್ನು ದೋಣಿಯಲ್ಲಿ ಸಾಗಿಸಿದ ಮೆರೆರ್ ಎಂಬ ಅಧಿಕಾರಿಯ ದಿನಚರಿ 2013ರಲ್ಲಿ ಕೆಂಪುಸಮುದ್ರದ ತೀರದಲ್ಲಿ ಸಿಕ್ಕಿತು.

ದೇಹ ಉಳಿದರೆ ಮಾತ್ರ ಆತ್ಮಕ್ಕೆ ನೆಲೆ ಎಂಬುದು ಈಜಿಪ್ತದವರ ನಂಬುಗೆ. ಆದುದರಿಂದ ಶವದ ಒಳ ಅಂಗಗಳನ್ನು ತೆಗೆದು, ನ್ಯಾಟ್ರಾನ್ ಎಂಬ ಉಪ್ಪಿನಲ್ಲಿ ಒಣಗಿಸಿ, ನಾರುಬಟ್ಟೆಯಲ್ಲಿ ಸುತ್ತುತ್ತಿದ್ದರು. ಈ ಸಂಸ್ಕಾರಕ್ಕೆ 70 ದಿನಗಳು ಹಿಡಿಯುತ್ತಿದ್ದವು. ಹೃದಯವನ್ನು ಮಾತ್ರ ದೇಹದಲ್ಲಿಯೇ ಬಿಡುತ್ತಿದ್ದರು. ಪರಲೋಕದ ತಕ್ಕಡಿಯಲ್ಲಿ ಸತ್ಯದ ಗರಿಯೊಡನೆ ತೂಗಬೇಕಾದುದು ಅದೇ.

ಮೃತರಿಗೆ ಕಲ್ಲಿನ ಮನೆ ಕಟ್ಟಿದವರು ಈಜಿಪ್ತದವರೊಬ್ಬರೇ ಅಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಕಬ್ಬಿಣ ಯುಗದ ನಾನೂರಕ್ಕೂ ಮಿಕ್ಕ ಶಿಲಾಸಮಾಧಿಗಳಿವೆ. ಚಪ್ಪಡಿಗಳ ಗೋಡೆ, ಮೇಲೊಂದು ಚಪ್ಪಡಿಯ ಮಾಡು, ಕೆಲವಕ್ಕೆ ದುಂಡನೆಯ ಕಿಂಡಿ. ಕುಬ್ಜರಾದ ಮೋರ್ಯರು ಅಲ್ಲಿ ವಾಸಿಸಿದ್ದರೆಂದು ಜನ ನಂಬಿ, ಅವನ್ನು ಮೋರ್ಯರ ಮನೆಗಳೆಂದು ಕರೆದರು. ಈ ನೆಲೆಯು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ ಇಂಥದೇ ಕಲ್ಲುಗೋರಿಗಳೊಳಗೆ ಕಪ್ಪು-ಕೆಂಪು ಮಡಕೆಗಳು, ಕಬ್ಬಿಣದ ಆಯುಧಗಳು, ಒಂದೇ ಗೋರಿಯಲ್ಲಿ ಹಲವರ ಎಲುಬುಗಳು ದೊರೆತವು. ಬೆಳಗಾವಿ ಜಿಲ್ಲೆಯಲ್ಲಿಯೇ, ಗೋಕಾಕ ತಾಲೂಕಿನ ಕೊಣ್ಣೂರಿನಲ್ಲಿ ಇಂಥ ಗೋರಿಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಡಾ. ಅ. ಸುಂದರ ಅವರು ದಕ್ಷಿಣ ಭಾರತದ ಶಿಲಾಗೋರಿಗಳನ್ನು ಕುರಿತು 1975ರಲ್ಲಿ ಗ್ರಂಥವನ್ನೇ ಪ್ರಕಟಿಸಿದರು.

ಇವೆರಡನ್ನೂ ಅಕ್ಕಪಕ್ಕದಲ್ಲಿಟ್ಟು ಕಲಿಸಿದಾಗ ವಿದ್ಯಾರ್ಥಿಯ ವಿಚಾರಶಕ್ತಿ ಬೆಳೆಯುತ್ತದೆ. ಅಲ್ಲಿ ಒಬ್ಬ ದೊರೆಗೆ ಒಂದು ಪರ್ವತ. ಇಲ್ಲಿ ಒಂದು ಗೋರಿಯಲ್ಲಿ ಹಲವರಿಗೆ ಎಡೆ. ಮಡಕೆಯನ್ನು ಇಟ್ಟವರು ಮೃತರಿಗೆ ಮುಂದೆಯೂ ಒಂದು ಬಾಳು ಉಂಟೆಂದು ಭಾವಿಸಿರಬೇಕು. ಲಿಂಗಾಯತರು ದೇಹವನ್ನು ಕುಳ್ಳಿರಿಸಿ, ಇಷ್ಟಲಿಂಗದೊಡನೆ ಸಮಾಧಿ ಮಾಡುತ್ತಾರೆ. ನೆರೆಮನೆಯಲ್ಲಿ ದಹನವಿರಬಹುದು, ಇನ್ನೊಂದು ಓಣಿಯಲ್ಲಿ ದಫನವಿರಬಹುದು. ಇವನ್ನೆಲ್ಲ ಗೌರವದಿಂದ ಹೋಲಿಸಿ ನೋಡಿದ ಬಾಲಕನು ಪರರ ಪದ್ಧತಿಯನ್ನು ಕಂಡು ನಗಲಾರನು. ಇತ್ತೀಚೆಗೆ ಮನೆಯವರನ್ನು ಕಳೆದುಕೊಂಡ ಮಗುವೂ ತರಗತಿಯಲ್ಲಿ ಕುಳಿತಿರಬಹುದು. ಆದುದರಿಂದ ಮಮ್ಮಿಯನ್ನು ದೆವ್ವದ ಕಥೆಯಾಗಿಸದೆ, ಒಬ್ಬ ಮನುಷ್ಯನ ದೇಹವೆಂದೇ ಶಿಕ್ಷಕರು ಹೇಳತಕ್ಕದ್ದು.

ಇನ್ನೊಂದು ಕಾರಣದಿಂದಲೂ ಈ ಪಾಠ ಅವಶ್ಯ. ನಿಧಿಯ ಆಸೆಗೆ ಅಗೆಯುವವರಿಂದ, ಕಲ್ಲಿಗಾಗಿ ಒಡೆಯುವವರಿಂದ ನಾಡಿನ ಎಷ್ಟೋ ಶಿಲಾಗೋರಿಗಳು ಹಾಳಾಗಿವೆ. ಕೊಣ್ಣೂರಿಗೆ ಬೆಳಗಾವಿಯಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು. ಶಿಕ್ಷಕರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ, ದಾನಿಗಳು ಅಂಥ ಪ್ರವಾಸಕ್ಕೆ ನೆರವಾದರೆ, ಆ ಕಲ್ಲುಗಳನ್ನು ಅಳೆದು ಚಿತ್ರ ಬರೆದ ವಿದ್ಯಾರ್ಥಿಗಳೇ ನಾಳೆ ಅವುಗಳ ಕಾವಲುಗಾರರಾದಾರು.