ತಾಲ್ಲೂಕು ರಸ್ತೆಗಳ ಸಾವುನೋವು ಮತ್ತು ಸರ್ಕಾರದ ಹಣ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಾಲ್ಕು ತಾಲ್ಲೂಕುಗಳ ರಸ್ತೆಗಳ ವಿಷಯವಾಗಿ ಇಂದು ಕೆಲವು ಮಾತುಗಳನ್ನು ವಾಚಕ ಮಹಾಶಯರ ಮುಂದಿಡಬೇಕೆಂದು ನಮಗೆ ತೋರಿದೆ. ಇವುಗಳಲ್ಲಿ ಚನ್ನಗಿರಿ, ಹೊನ್ನಾಳಿಗಳು 1997ನೆಯ ಇಸವಿಯವರೆಗೆ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು ಈಚೆಗೆ ತಾಲ್ಲೂಕಾಯಿತು. ಒಂದು ಕಡೆ ಭದ್ರೆಯ ಕಾಲುವೆಯ ನೀರುಂಡ ಬತ್ತದ ಗದ್ದೆ, ಅಡಕೆಯ ತೋಟ. ಮತ್ತೊಂದು ಕಡೆ ಮಳೆಯನ್ನೇ ನಂಬಿದ ಜಗಳೂರಿನ ಬೆದ್ದಲು. ನೆಲ ಬೇರೆ, ನೀರು ಬೇರೆ. ಆದರೆ ಒಂದು ಸಂಗತಿಯಲ್ಲಿ ನಾಲ್ಕಕ್ಕೂ ಒಂದೇ ಪಾಡು. ಬೆಂಗಳೂರಿನಿಂದ ಪುಣೆಗೆ ಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯು ದಾವಣಗೆರೆ, ಹರಿಹರಗಳ ಬಳಿ ಹಾದುಹೋಗುತ್ತದೆಯೇ ಹೊರತು ಈ ನಾಲ್ಕು ಪಟ್ಟಣಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಇಲ್ಲಿಯ ಜನರು ಸಂತೆಗೆ, ಶಾಲೆಗೆ, ಆಸ್ಪತ್ರೆಗೆ, ಮಂಡಿಗೆ ಓಡಾಡುವುದು ಬಹುಮಟ್ಟಿಗೆ ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಮತ್ತು ಹಳ್ಳಿಯ ದಾರಿಗಳಲ್ಲಿ. ಇವರು ಅಪಘಾತಕ್ಕೆ ಈಡಾಗುವುದೂ ಅಲ್ಲಿಯೇ.

ಹೀಗಿರುವಲ್ಲಿ, ರಸ್ತೆಯ ಸುರಕ್ಷತೆಗಾಗಿ ವ್ಯಯವಾಗುವ ಹಣವು ರಸ್ತೆಯ ಅಂತಸ್ತನ್ನು ನೋಡಿ ಹೋಗಬೇಕೇ, ಅಥವಾ ಸಾವಿನ ಲೆಕ್ಕವನ್ನು ನೋಡಿ ಹೋಗಬೇಕೇ? ಇದೇ ಇಂದಿನ ಪ್ರಶ್ನೆ.

ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಮಂತ್ರಾಲಯದವರು ಪ್ರಕಟಿಸಿರುವ ಲೆಕ್ಕವನ್ನೇ ತೆಗೆದುಕೊಳ್ಳೋಣ. 2022ನೆಯ ಇಸವಿಯಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಮಡಿದವರು 61,038. ರಾಜ್ಯ ಹೆದ್ದಾರಿಗಳಲ್ಲಿ 41,012. ಮಿಕ್ಕ ಎಲ್ಲ ರಸ್ತೆಗಳಲ್ಲಿ 66,441. ಎಂದರೆ ನೂರರಲ್ಲಿ ಸುಮಾರು 64 ಸಾವುಗಳು ರಾಷ್ಟ್ರೀಯ ಹೆದ್ದಾರಿಯ ಹೊರಗೆ ಆದವು. ಸತ್ತವರಲ್ಲಿ ನೂರಕ್ಕೆ 68 ಮಂದಿ ಗ್ರಾಮಾಂತರ ಪ್ರದೇಶಗಳಲ್ಲಿ ಮಡಿದವರು. ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದ ಸವಾರರು. ಅದೇ ವರ್ಷ ನಮ್ಮ ಕರ್ನಾಟಕದಲ್ಲಿ 11,702 ಜನರು ಪ್ರಾಣ ನೀಗಿದರು. ದಿನವೊಂದಕ್ಕೆ 32 ಮನೆಗಳಲ್ಲಿ ದೀಪ ಆರಿದಂತಾಯಿತು. ಒಂದು ಸಾಂಕ್ರಾಮಿಕ ರೋಗವು ದಿನಕ್ಕೆ ಇಷ್ಟು ಜನರನ್ನು ಕೊಂಡೊಯ್ದಿದ್ದರೆ ಸರ್ಕಾರದವರು ಸುಮ್ಮನೆ ಕುಳಿತಿರುತ್ತಿದ್ದರೇ?

ಹಣದ ಹಾದಿಯನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಿನ ಚರಿತ್ರೆಯನ್ನು ನೋಡಬೇಕು. 1927ರಲ್ಲಿ ಶ್ರೀ ಎಂ. ಆರ್. ಜಯಕರರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು, ರಸ್ತೆಗಳ ಅಭಿವೃದ್ಧಿಯ ಭಾರವು ಪ್ರಾಂತ ಸರ್ಕಾರಗಳ ಮತ್ತು ಸ್ಥಳೀಯ ಸಂಸ್ಥೆಗಳ ಶಕ್ತಿಯನ್ನು ಮೀರುತ್ತಿದೆ, ಆದುದರಿಂದ ಕೇಂದ್ರದ ಬೊಕ್ಕಸವು ಹೆಗಲು ಕೊಡಬೇಕು ಎಂದು ಅಭಿಪ್ರಾಯಪಟ್ಟಿತು. ಅದರ ಫಲವಾಗಿ 1929ರಲ್ಲಿ ಪೆಟ್ರೋಲಿನ ಗ್ಯಾಲನ್ನಿಗೆ ಎರಡಾಣೆಯ ಹೆಚ್ಚುವರಿ ತೆರಿಗೆ ಕುಳಿತು, ಕೇಂದ್ರ ರಸ್ತೆ ನಿಧಿಯು ಹುಟ್ಟಿತು. 1943ರ ನಾಗಪುರ ಯೋಜನೆಯು ರಸ್ತೆಗಳನ್ನು ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ವರ್ಗಮಾಡಿತು. ಆ ವಿಂಗಡಣೆ ಅಂದಿಗೆ ಯುಕ್ತವೇ ಆಗಿತ್ತು. ಆದರೆ ವರ್ಗಕ್ಕೊಬ್ಬ ಯಜಮಾನ, ಯಜಮಾನನಿಗೊಂದು ಥೈಲಿ ಎಂಬ ಪದ್ಧತಿ ಅದರೊಂದಿಗೆ ಬೇರೂರಿತು. ರಾಜ್ಯ ಹೆದ್ದಾರಿಯು ಲೋಕೋಪಯೋಗಿ ಇಲಾಖೆಯದು, ಹಳ್ಳಿಯ ರಸ್ತೆಯು ಪಂಚಾಯಿತಿಯದು. ಎರಡೂ ಸೇರುವ ತಿರುವಿನಲ್ಲಿ ಆದ ಸಾವು ಯಾರ ಲೆಕ್ಕದ್ದು? ಜಗಳೂರಿನ ರೈತನು ತನ್ನ ಮೋಟಾರು ಸೈಕಲ್ಲಿಗೆ ಪೆಟ್ರೋಲು ಹಾಕಿಸುವಾಗ ರಸ್ತೆಯ ಹೆಸರಿನ ಸೆಸ್ಸನ್ನು ಬೆಂಗಳೂರಿನವನಷ್ಟೇ ತೆರುತ್ತಾನೆ. ಕಪ್ಪ ಕೊಡುವಲ್ಲಿ ಸಮಾನನಾದವನು ರಕ್ಷಣೆ ಪಡೆಯುವಲ್ಲಿ ಕಡೆಯವನಾಗುವುದು ನ್ಯಾಯವಲ್ಲ.

ಲೆಕ್ಕವನ್ನು ಅನುಸರಿಸಿಯೇ ಹಣ ಕೊಡುತ್ತಿದ್ದೇವೆ, ಅಪಘಾತವಲಯಗಳನ್ನು ಗುರುತಿಸಿದ್ದೇವೆ ಎಂದು ಅಧಿಕಾರಿಗಳು ಹೇಳಬಹುದು. ಆ ಗುರುತಿನ ನಿಯಮವನ್ನು ಪರೀಕ್ಷಿಸೋಣ. ಸುಮಾರು 500 ಮೀಟರು ಉದ್ದದ ಜಾಗದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ಭಾರಿ ಗಾಯವುಂಟಾದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಹತ್ತು ಜನರು ಸತ್ತಿರಬೇಕು. ಆಗ ಅದು ಅಪಘಾತವಲಯ. ಈ ಅಳತೆಗೋಲು ರಾಷ್ಟ್ರೀಯ ಹೆದ್ದಾರಿಗಳಿಗಾಗಿ 2015ರಲ್ಲಿ ಗೊತ್ತಾದುದು. ಎಡೆಬಿಡದೆ ವಾಹನಗಳು ಓಡುವ ಹೆದ್ದಾರಿಯಲ್ಲಿ ಸಾವುಗಳು ಒಂದೆಡೆ ಗುಂಪುಗೂಡುತ್ತವೆ. ತಾಲ್ಲೂಕು ರಸ್ತೆಯಲ್ಲಿ ಹಾಗಲ್ಲ. ಮೂವತ್ತು ಕಿಲೋಮೀಟರು ದಾರಿಯಲ್ಲಿ ಮೂರು ವರ್ಷಗಳಲ್ಲಿ ಹನ್ನೆರಡು ಮಂದಿ ಹನ್ನೆರಡು ಬೇರೆಬೇರೆ ಕಡೆ ಸತ್ತರೆಂದು ಭಾವಿಸಿರಿ. ಒಬ್ಬನು ತಡೆಗೋಡೆಯಿಲ್ಲದ ಮೋರಿಯಿಂದ ಬಿದ್ದನು, ಇನ್ನೊಬ್ಬನು ದೀಪವಿಲ್ಲದ ಟ್ರಾಕ್ಟರಿನ ಹಿಂಭಾಗಕ್ಕೆ ಹಾಯ್ದನು, ಮತ್ತೊಬ್ಬಳು ಶಾಲೆಯ ಮುಂದೆ ದಾರಿ ದಾಟುತ್ತಿದ್ದಳು. ಹನ್ನೆರಡು ಹೆಣಗಳು ಬಿದ್ದರೂ ಒಂದು ಅಪಘಾತವಲಯವೂ ಹುಟ್ಟಲಿಲ್ಲ. ವಲಯವಿಲ್ಲದುದರಿಂದ ಹಣವೂ ಇಲ್ಲ. ಹನಿಗೂಡಿದರೆ ಹಳ್ಳವೆಂಬುದನ್ನು ಬಲ್ಲ ನಮ್ಮ ಜನರಿಗೆ ಈ ಲೆಕ್ಕದ ಕುಂದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಕುಂದು ಠಾಣೆಯ ಕಾಗದದಲ್ಲಿದೆ. ಅಪಘಾತವಾದ ಕೂಡಲೇ ಬರೆಯುವ ಪ್ರಥಮ ವರ್ತಮಾನ ವರದಿಯು ಅಪರಾಧಿಯನ್ನು ಹುಡುಕುವುದಕ್ಕಾಗಿ ಇರುವುದೇ ಹೊರತು ಕಾರಣವನ್ನು ಹುಡುಕುವುದಕ್ಕಲ್ಲ. ಆದುದರಿಂದ ‘ಅತಿವೇಗ, ಅಜಾಗರೂಕತೆ’ ಎಂಬ ಮಾತು ಅಲ್ಲಿ ಅಚ್ಚೊತ್ತಿದಂತೆ ಬರುತ್ತದೆ. 2022ರ ಸಾವುಗಳಲ್ಲಿ ನೂರಕ್ಕೆ 71ಕ್ಕೆ ಅತಿವೇಗವೇ ಕಾರಣವೆಂದು ದೇಶದ ಲೆಕ್ಕವು ಹೇಳುತ್ತದೆ. ವೇಗವು ಕೊಲ್ಲುವುದು ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಊರೊಳಗಿನ ರಸ್ತೆಯನ್ನು ನುಣ್ಣಗೆ ಅಗಲಮಾಡಿ, ವೇಗ ತಗ್ಗಿಸುವ ಯಾವ ಏರ್ಪಾಡನ್ನೂ ಮಾಡದೆ ಬಿಟ್ಟವರ ಪಾಲು ಅದರಲ್ಲಿ ಇಲ್ಲವೇ? ಮೋಟಾರು ವಾಹನಗಳ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯು, ರಸ್ತೆಯ ರಚನೆಯಲ್ಲಿ ಗೊತ್ತಾದ ಮಟ್ಟವನ್ನು ಪಾಲಿಸದೆ ಮರಣಕ್ಕೋ ಅಂಗಹೀನತೆಗೋ ಕಾರಣರಾದ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನು ವಿಧಿಸಿದೆ. ರಸ್ತೆಯೂ ತಪ್ಪಿತಸ್ಥನಾಗಬಹುದೆಂದು ಕಾನೂನೇ ಒಪ್ಪಿದ ಮೇಲೆ ಠಾಣೆಯ ಕಾಗದವು ಒಪ್ಪದಿರುವುದೇಕೆ?

ಸಾಧನ ನಮ್ಮಲ್ಲಿಲ್ಲವೆಂದು ಯಾರೂ ಹೇಳುವಂತಿಲ್ಲ. ವಿಶ್ವಬ್ಯಾಂಕಿನ ನೆರವಿನಿಂದ, ಮದರಾಸಿನ ಐಐಟಿಯವರು ರೂಪಿಸಿದ ಸಮಗ್ರ ಅಪಘಾತ ದಾಖಲೆಯ ವ್ಯವಸ್ಥೆಯು ಮೊದಲು ಜಾರಿಗೆ ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸಿನವರು ಸ್ಥಳದಲ್ಲಿಯೇ ಮೊಬೈಲಿನಲ್ಲಿ ಅಪಘಾತದ ಜಾಗವನ್ನೂ ಚಿತ್ರವನ್ನೂ ದಾಖಲಿಸುತ್ತಾರೆ. ರಸ್ತೆಯ ಇಂಜಿನಿಯರು, ಸಾರಿಗೆ ಅಧಿಕಾರಿ, ಆಸ್ಪತ್ರೆಯವರು ತಮ್ಮ ತಮ್ಮ ಭಾಗವನ್ನು ತುಂಬಬೇಕು. ಬೀಜ ಬಿತ್ತಿಯಾಗಿದೆ; ಬೆಳೆಯನ್ನು ಕೊಯ್ದು ಆಯವ್ಯಯದ ಕಣಕ್ಕೆ ತರುವವರು ಬೇಕಾಗಿದ್ದಾರೆ.

ಇತರರು ಇದನ್ನು ಹೇಗೆ ಮಾಡಿದರೆಂಬುದನ್ನು ನೋಡೋಣ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ 2005ರ ಕಾಯಿದೆಯಂತೆ, ರಾಜ್ಯವು ಅಪಘಾತಗಳ ಅಂಕಿಅಂಶಗಳನ್ನು ಶೋಧಿಸಿ ಯೋಜನೆ ಬರೆಯಬೇಕು, ಅದರ ಆಧಾರದ ಮೇಲೆ ಸುರಕ್ಷತೆಯ ಹಣವನ್ನು ವ್ಯಯಮಾಡಬೇಕು. ರಸ್ತೆಯು ರಾಜ್ಯದ್ದಾಗಲಿ, ಸ್ಥಳೀಯ ಸಂಸ್ಥೆಯದಾಗಲಿ, ಭೇದವಿಲ್ಲ. ಹಳ್ಳಿಗಾಡಿನ ರಸ್ತೆಗಳಲ್ಲಿ ಸಾವಿನ ಪ್ರಮಾಣ ಏರಿದ ರಾಜ್ಯವು ಆ ರಸ್ತೆಗಳಿಗೆ ಗೊತ್ತಾದ ಮೊತ್ತವನ್ನು ವ್ಯಯಮಾಡಲೇಬೇಕೆಂದು 2012ರಲ್ಲಿ ಮತ್ತೊಂದು ಕಟ್ಟಳೆ ಬಂದಿತು. ಅಷ್ಟು ದೂರವೇಕೆ? ನಮ್ಮ ಬೆಳಗಾವಿಯಿಂದ ಯರಗಟ್ಟಿಯವರೆಗಿನ ರಾಜ್ಯ ಹೆದ್ದಾರಿಯನ್ನೇ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ ಸುರಕ್ಷಿತ ರಸ್ತೆಯ ಮಾದರಿಯಾಗಿ ಆರಿಸಿಕೊಂಡರು. ಬೆಳಗಾವಿಯಲ್ಲಿ ಸಾಧ್ಯವಾದುದು ಹೊನ್ನಾಳಿಯಲ್ಲಿ ಏಕೆ ಸಾಧ್ಯವಾಗಬಾರದು?

ಹಣವೆಲ್ಲಿದೆ ಎಂಬ ಆಕ್ಷೇಪಣೆಗೆ ನಮ್ಮ ಉತ್ತರವಿದು. ನಾವು ಕೇಳುವ ಕೆಲಸಗಳು ಕೋಟಿಗಟ್ಟಲೆ ನುಂಗುವಂಥವಲ್ಲ. ಮೋರಿಗೆ ತಡೆಗೋಡೆ, ತಿರುವಿಗೆ ಪ್ರತಿಫಲಕ ಫಲಕ, ಕೂಡುದಾರಿಯಲ್ಲಿ ಕಣ್ಣಿಗಡ್ಡವಾದ ಪೊದೆಯ ಸವರುವಿಕೆ, ಶಾಲೆಯ ಮುಂದೆ ಕ್ರಮಬದ್ಧವಾದ ಉಬ್ಬು, ನಡೆಯುವವರಿಗೆ ಮಣ್ಣು ಹಾಕಿ ಗಟ್ಟಿಮಾಡಿದ ಅಂಚು ಇಷ್ಟೇ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿಗೆ ಬಂಜಾರ ಬಂಧುಗಳು ಕಾಲ್ನಡಿಗೆಯಲ್ಲಿ ಬರುತ್ತಾರೆ. ಆ ದಾರಿಗೆ ಬೇಕಾದುದು ಅಗಲವಲ್ಲ, ಅಂಚು. ಸುಗ್ಗಿಯಲ್ಲಿ ಮೆಕ್ಕೆಜೋಳವನ್ನು ಡಾಂಬರಿನ ಮೇಲೆ ಒಣಹಾಕುವ ಜಾಗಗಳಲ್ಲಿ ಸವಾರರು ಜಾರಿ ಬೀಳುತ್ತಿದ್ದಾರೆಂದು ಲೆಕ್ಕವು ತೋರಿಸಿದರೆ, ಅಲ್ಲಿ ರೈತನಿಗೆ ದಂಡ ಹಾಕುವುದಕ್ಕಿಂತ ಊರಿಗೊಂದು ಒಕ್ಕಣೆಯ ಕಣವನ್ನು ಕಟ್ಟಿಕೊಡುವುದು ಮೇಲು.

ಆದುದರಿಂದ ನಮ್ಮ ಸೂಚನೆಗಳು ಇವು. 2017ರ ಕಾಯಿದೆಯಂತೆ ರಾಜ್ಯದಲ್ಲಿ ರಸ್ತೆ ಸುರಕ್ಷತಾ ಪ್ರಾಧಿಕಾರವಿದೆ. ಅದರ ಕೈಯಲ್ಲಿರುವ ಹಣದಲ್ಲಿ ಒಂದು ಗೊತ್ತಾದ ಪಾಲನ್ನು ರಾಜ್ಯ ಹೆದ್ದಾರಿಯ ಕೆಳಗಿನ ರಸ್ತೆಗಳಿಗೆಂದು, ಸಾವಿನ ಪ್ರಮಾಣಕ್ಕೆ ಸರಿಯಾಗಿ ತಾಲ್ಲೂಕುವಾರು ಮೀಸಲಿಡತಕ್ಕದ್ದು. ತಾಲ್ಲೂಕು ರಸ್ತೆಗಳಿಗೆ 500 ಮೀಟರಿನ ಅಳತೆಯನ್ನು ಬಿಟ್ಟು ಇಡೀ ದಾರಿಯನ್ನೇ ಎಣಿಕೆಗೆ ತೆಗೆದುಕೊಳ್ಳತಕ್ಕದ್ದು. ಪ್ರತಿಯೊಂದು ಸಾವಿನ ಸ್ಥಳಕ್ಕೂ ಪೊಲೀಸಿನವರೊಡನೆ ಇಂಜಿನಿಯರು ಹೋಗಿ ರಸ್ತೆಯ ಲೋಪವನ್ನು ಬರೆಯತಕ್ಕದ್ದು. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಯು ಸ್ಥಳ, ಕಾರಣ, ಆದ ಕೆಲಸ, ತಗುಲಿದ ವೆಚ್ಚ ಇವುಗಳ ಪಟ್ಟಿಯನ್ನು ನಾಲ್ಕೂ ತಾಲ್ಲೂಕು ಕಚೇರಿಗಳ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸತಕ್ಕದ್ದು. ಕೆಲಸವಾದ ಮೇಲೆ ಸಾವು ಇಳಿಯಿತೇ ಎಂಬುದನ್ನೂ ಮರುವರ್ಷ ಅದೇ ಪಟ್ಟಿಯಲ್ಲಿ ತೋರಿಸತಕ್ಕದ್ದು.

ಮಹಾಜನರಿಗೂ ಒಂದು ಮಾತು. ಗ್ರಾಮಸಭೆಯಲ್ಲಿ ರಸ್ತೆಗೆ ಡಾಂಬರು ಬೇಕೆಂದು ಕೇಳುವವರು ಬಹಳ. ಆ ರಸ್ತೆಯಲ್ಲಿ ಕಳೆದ ವರ್ಷ ಎಷ್ಟು ಜನ ಬಿದ್ದರು, ಎಲ್ಲಿ ಬಿದ್ದರು ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಕೇಳುವ ಹಕ್ಕೂ ಹೊಣೆಯೂ ನಮ್ಮದೇ. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕುವುದು ವಿವೇಕವಲ್ಲ. ಆಯವ್ಯಯದ ಕಾಲದಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಸಕರು ಪಕ್ಷಭೇದವನ್ನು ಮರೆತು ಒಂದೇ ಲೆಕ್ಕದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸಭೆಯಲ್ಲಿ ಎದ್ದು ನಿಲ್ಲುವರೆಂದು ನಾವು ನಿರೀಕ್ಷಿಸುತ್ತೇವೆ.